ಸೊನ್ನೆಯನ್ನೂ ಎಣಿಸಿ ಬರೆದ ಮೈಲಾರಮ್ಮನವರು

ಸರ್ಕಾರಿ ಆಸ್ಪತ್ರೆಗಳ ರಕ್ತ ಪರೀಕ್ಷಾ ಕೊಠಡಿಗಳಲ್ಲಿ ಮೂವತ್ತನಾಲ್ಕು ವರ್ಷ ದುಡಿದು, ಈ ತಿಂಗಳು ರಾಯದುರ್ಗದಲ್ಲಿ ನಿವೃತ್ತರಾದ ಲ್ಯಾಬ್ ಟೆಕ್ನೀಷಿಯನ್ ಶ್ರೀಮತಿ ಮೈಲಾರಮ್ಮನವರಿಗೆ ಇಲಾಖೆ ಶಾಲು ಹೊದಿಸಿತು. ಅದೇ ಇಲಾಖೆ ಮೂರು ವರ್ಷದ ಹಿಂದೆ ‘ಅನಗತ್ಯ ವಿಳಂಬ’ಕ್ಕಾಗಿ ಅವರಿಗೆ ಮೆಮೊ ಕೊಟ್ಟಿತ್ತು, ಇಂದಿಗೂ ಅದನ್ನು ಹಿಂಪಡೆದಿಲ್ಲ. ಅಭಿನಂದನ ಗ್ರಂಥದಲ್ಲಿ ಇಂಥ ಮಾತು ಸಲ್ಲದು ಎನ್ನುವವರು ಪುಟ ತಿರುಗಿಸಬಹುದು.

ಮೈಲಾರಮ್ಮನವರ ಮೊದಲ ನೌಕರಿ ಮಡಕಶಿರದಲ್ಲಿ. ರೊಳ್ಳ, ಅಗಳಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರ ರಕ್ತವನ್ನು ಮೊದಲು ತೆಗೆದು, ಅವರು ಮಧ್ಯಾಹ್ನದ ಬಸ್ಸಿಗೆ ರಿಪೋರ್ಟ್ ಹಿಡಿದೇ ಮರಳುವಂತೆ ನೋಡಿಕೊಳ್ಳುತ್ತಿದ್ದರು. ಕೆಲಸ ಕಲಿಸಿದವರು ಹಿರಿಯ ಟೆಕ್ನೀಷಿಯನ್ ಕದರಪ್ಪನವರು. ಬಿಳಿ ರಕ್ತಕಣಗಳ ಐದು ಬಗೆಗಳಲ್ಲಿ ತೀರ ಅಪರೂಪದ್ದು ಬೇಸೋಫಿಲ್. ಆರೋಗ್ಯವಂತರಲ್ಲಿ ನೂರು ಕಣ ಎಣಿಸಿದರೆ ಒಂದು ಸಿಕ್ಕೀತು, ಹಲವು ಸಲ ಒಂದೂ ಸಿಗದು, ಎರಡೂ ಸಹಜವೇ. ಅದರಿಂದಲೇ ಒಂದು ಕೆಟ್ಟ ರೂಢಿ ಬೆಳೆದಿತ್ತು: ಬೆಳಿಗ್ಗೆ ಬಂದ ಕೂಡಲೇ ರಿಜಿಸ್ಟರಿನ ಬೇಸೋಫಿಲ್ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೆ ಸೊನ್ನೆ ಬರೆದಿಡುವುದು. ಮೊದಲ ವಾರ ಮೈಲಾರಮ್ಮನವರೂ ಹಾಗೆಯೇ ಬರೆದರು. ಕದರಪ್ಪನವರು ಎಲ್ಲವನ್ನೂ ಹೊಡೆದುಹಾಕಿದರು.

“ಎಣಿಸ್ದೆ ಯಾಕಮ್ಮ ಬರ್ದೆ? ಸೊನ್ನೆನೂ ಎಣಿಸೇ ಬರೀಬೇಕು. ಆಗ್ದಿದ್ರೆ ಮನೆ ಮುಂದೆ ರಂಗೋಲಿ ಹಾಕೋಗು, ಚುಕ್ಕಿ ಚೆನ್ನಾಗಿಡ್ತೀಯ!”

ರಾಯದುರ್ಗಕ್ಕೆ ವರ್ಗವಾದಾಗಲೂ ಅದೇ ರೂಢಿ ಎದುರಾಯಿತು. ಮೇಲ್ವಿಚಾರಕ ರಘುನಾಥ್ ನಗುತ್ತಿದ್ದರು: “ಮೈಲಾರಮ್ಮಾರ, ಅದೇನ್ ಕುರಿ ಎಣಿಸಿದಂಗ ಎಣಿಸ್ತೀರ್ರಿ? ಸೊನ್ನಿ ಹಾಕಿ ಕಳಸ್ರಿ.”

ಮೂರು ವರ್ಷದ ಹಿಂದೆ ಬೆಳುಗುಪ್ಪದಿಂದ ಕುರಿ ಸಾಕುವ ಉಜ್ಜಿನಪ್ಪ ಬಂದರು. ಮೈ ಇಳಿದಿತ್ತು, ಎಡ ಪಕ್ಕೆಯ ಕೆಳಗೆ ಭಾರ. ಮೈಲಾರಮ್ಮನವರು ರಜೆಯಲ್ಲಿದ್ದಾಗ ಬೇರೆಯವರು ಬರೆದುಕೊಟ್ಟ ಅವರ ಹಿಂದಿನ ಎರಡು ರಿಪೋರ್ಟುಗಳಲ್ಲಿ ಬಿಳಿ ಕಣಗಳು ಹೆಚ್ಚಿದ್ದವು, ಬೇಸೋಫಿಲ್ ಸೊನ್ನೆ. ಸೋಂಕೆಂದು ಮಾತ್ರೆ ಕೊಟ್ಟು ಕಳಿಸಲಾಗಿತ್ತು. ಈ ಸಲ ಮೈಲಾರಮ್ಮನವರು ನೂರು ಎಣಿಸಿದರು, ಎಂಟು ಬೇಸೋಫಿಲ್. ತಮ್ಮ ಕಣ್ಣನ್ನೇ ನಂಬದೆ ಹೊಸ ಸ್ಲೈಡ್ ಮಾಡಿ ಇನ್ನೂರು ಎಣಿಸಿದರು, ಹದಿನೇಳು. ಅಲರ್ಜಿಯಲ್ಲೂ ಥೈರಾಯ್ಡ್ ಕುಂದಿದಾಗಲೂ ಈ ಕಣ ತುಸು ಏರಬಹುದು. ಆದರೆ ಒಟ್ಟು ಬಿಳಿ ಕಣಗಳ ಜೊತೆಗೆ ಇದೂ ಇಷ್ಟು ಏರಿ, ಈ ಸ್ಲೈಡಿನಲ್ಲಿದ್ದಂತೆ ಬಲಿಯದ ಎಳೆಯ ಕಣಗಳೂ ಕಂಡರೆ ರಕ್ತದ ಕ್ಯಾನ್ಸರನ್ನು ಶಂಕಿಸಲೇಬೇಕು.

ಸರದಿಯವರು ಗೊಣಗಿದರು, ರಘುನಾಥ್ ರೇಗಿದರು. ಮೈಲಾರಮ್ಮನವರು ಎದ್ದು ಡಾಕ್ಟರ ಬಳಿಗೇ ಹೋದರು. “ಸಾರ್, ಇದಕ್ಕ ಸೋಂಕು ಅನಬ್ಯಾಡ್ರಿ. ಬಂದು ನೀವ ಒಮ್ಮೆ ನೋಡ್ರಿ.”

ಡಾಕ್ಟರು ನೋಡಿದರು, ಅಂದೇ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಶಂಕೆ ನಿಜವಾಯಿತು. ದಿನವೂ ಮಾತ್ರೆ ನುಂಗಿದರೆ ಹಿಡಿತಕ್ಕೆ ಬರುವ ಹಂತದಲ್ಲೇ ರೋಗ ಸಿಕ್ಕಿತ್ತು. ಬಹುಮಾನವಾಗಿ ಬಂದದ್ದು ಮೆಮೊ: ಆ ದಿನ ಇಪ್ಪತ್ತೆರಡು ರಿಪೋರ್ಟ್ ತಡವಾದವಂತೆ! ಎಣಿಸದೆ ಬರೆದ ಹಿಂದಿನ ಎರಡು ಸೊನ್ನೆಗಳಿಗಾಗಿ ಯಾರಿಗೂ ಮೆಮೊ ಹೋಗಲಿಲ್ಲ. ಇದು ಶಿಸ್ತಾದರೆ ಅಶಿಸ್ತೇ ರೋಗಿಗಳಿಗೆ ಕ್ಷೇಮ.

ಬೀಳ್ಕೊಡುಗೆಯ ದಿನ ಉಜ್ಜಿನಪ್ಪ ಕೇಳಿದರು: “ಅಮ್ಮಾರ, ನೀವು ಹೋದ ಮ್ಯಾಲ ನನ್ನ ರಕ್ತ ಯಾರ್ ನೋಡ್ತಾರ್ರಿ?”

“ನಾ ಕಲಿಸಿದ ಹುಡುಗಿ ಸುಶ್ಮಿತಾ ನೋಡ್ತಾಳ. ಆಕಿ ಎಣಿಸೂವಾಗ ನೀನು ಮಾತಾಡಸಬ್ಯಾಡ, ಅಷ್ಟ.”

ಆದರೆ ಸುಶ್ಮಿತಾ ಒಬ್ಬಳೇ. ಬೆಳಿಗ್ಗೆ ಬರುವವರು ಅರವತ್ತು ಜನ. ಸೋಮವಾರಗಳಂದು ಸಂಬಳವಿಲ್ಲದೆ ಬಂದು ಎಣಿಸುತ್ತೇನೆಂದು ಮೈಲಾರಮ್ಮನವರು ಕೊಟ್ಟ ಅರ್ಜಿ, ನಿಯಮದಲ್ಲಿ ಅವಕಾಶವಿಲ್ಲವೆಂಬ ಕಾರಣಕ್ಕೆ ಯಾರದೋ ಮೇಜಿನ ಮೇಲೆ ಕೂತಿದೆ. ಅವರ ಆಯುಷ್ಯ ದೀರ್ಘವಾಗಲಿ, ಕಣ್ಣು ಚುರುಕಾಗಿಯೇ ಇರಲಿ, ಒಪ್ಪಿಗೆ ಬೇಗ ಬರಲಿ. ಬರದಿದ್ದರೂ ಮುಂದಿನ ಸೋಮವಾರ ಅವರು ಹೋಗಿ ಸೂಕ್ಷ್ಮದರ್ಶಕದ ಮುಂದೆ ಕೂರುವವರೇ. ತಡೆಯುವ ಧೈರ್ಯವಿದ್ದವರು ಬಾಗಿಲಲ್ಲಿ ನಿಲ್ಲಲಿ. ರಕ್ತ ಕೊಟ್ಟು ಕಾದಿರುವವರಿಗೂ ಅವರೇ ಉತ್ತರ ಹೇಳಲಿ.