ಹಿರಿಯರಿಗೆ ತಪ್ಪೆಂದು ಹೇಳುವ ಪರೀಕ್ಷೆ

ವಿಮಾನ ಹಾರಿಸುವವಳಿಗೆ ಎಂಥ ಭಯ ಎಂದು ರಾಣೆಬೆನ್ನೂರಿನ ನಮ್ಮ ಓಣಿಯವರು ಕೇಳುತ್ತಾರೆ. ಎತ್ತರದ ಭಯ ನನಗಿಲ್ಲ. ಇರುವುದು ಹಿರಿಯರ ಭಯ. ನಾನು ಕೋ-ಪೈಲಟ್. ನನ್ನ ಎಡಕ್ಕೆ ಕೂರುವ ಕ್ಯಾಪ್ಟನ್‌ಗೆ ಬಹಳ ಸಲ ನನ್ನ ಅಪ್ಪನ ವಯಸ್ಸು. ಅವರು ತಪ್ಪಿದರೆ ತಪ್ಪಿದಿರಿ ಎನ್ನುವುದು ನನ್ನ ಅರ್ಧ ಕೆಲಸ. ಅಂಥ ಸಂದರ್ಭ ಇನ್ನೂ ಬಂದಿರಲಿಲ್ಲ. ಬಂದಾಗ ಬಾಯಿ ತೆರೆಯುತ್ತದೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಈ ವರ್ಷ ನಮ್ಮ ಪೈಲಟ್‌ಗಳ ಸಂಘ ಕಂಪನಿಯ ಮುಂದಿಡುವ ಬೇಡಿಕೆಗಳನ್ನು ಸಿದ್ಧಪಡಿಸುತ್ತಿತ್ತು. ವಿಶ್ರಾಂತಿ ಮೊದಲು, ಸಂಬಳ ಆಮೇಲೆ ಎಂಬುದಕ್ಕೆ ಯಾರದೂ ತಕರಾರಿಲ್ಲ. ಜಗಳವೆದ್ದದ್ದು ಕೆಲಸಕ್ಕೆ ಸೇರುವವರ ಮಟ್ಟ ಏರಿಸಬೇಕೆಂಬ ಮಾತಿಗೆ. ಹಾರಾಟದ ಗಂಟೆ ತುಂಬಿಸಿದರೆ ಸಾಲದು, ಹೊಸದೊಂದು ಪರೀಕ್ಷೆಯೂ ಬೇಕು ಎಂಬುದು ಬೇಡಿಕೆ. ನೆಲದ ಮೇಲಿನ ತರಬೇತಿ ಕಾಕ್‌ಪಿಟ್ಟಿನಲ್ಲಿ ಕ್ಯಾಪ್ಟನ್ ಬೇಕೆಂದೇ ತಪ್ಪು ಮಾಡುತ್ತಾರೆ. ಕಿರಿಯರು ನೇರ ಮಾತಿನಲ್ಲಿ ಎರಡು ಸಲ ಹೇಳಬೇಕು. ಆಗಲೂ ಕೇಳದಿದ್ದರೆ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಳ್ಳಬೇಕು. ಹಾಗೆ ಮಾಡಲಾರದವರಿಗೆ ಕೆಲಸವಿಲ್ಲ. ಈಚೆಗೆ ಸೇರಿದವರೂ ಈ ಪರೀಕ್ಷೆಗೆ ಕೂರಬೇಕು, ಅಂದರೆ ನಾನೂ. ಸದಸ್ಯರೆಲ್ಲ ಮೊಬೈಲಿನಲ್ಲೇ ಮತ ಹಾಕಬೇಕಿತ್ತು. ನನ್ನ ಜೊತೆ ಸೇರಿದವರು ‘ಬೇಡ’ ಎಂದು ಒತ್ತಲು ಮಾತಾಡಿಕೊಂಡಿದ್ದರು. ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿ ಹಾಕಿಕೊಳ್ಳುವವರುಂಟೇ? ನಾನೂ ಅದನ್ನೇ ಒತ್ತುವವಳಿದ್ದೆ.

ಆಗ ರಜೆಯ ಮೇಲೆ ಊರಿಗೆ ಬಂದಿದ್ದೆ. ಹಾವೇರಿಯಲ್ಲಿ ನೆಂಟರ ಬಸುರಿ ಮಗಳಿಗೆ ಕುಬುಸ. ಮಾಮಾ, ಅಂದರೆ ಅವ್ವನ ದೊಡ್ಡಣ್ಣ, ನನ್ನನ್ನೂ ಅವ್ವನನ್ನೂ ತಮ್ಮ ಕಾರಿನಲ್ಲಿ ಕರೆದೊಯ್ದಿದ್ದರು. ಬೀಜದ ಕಂಪನಿಯ ಕೆಲಸಕ್ಕೆಂದು ಹಳ್ಳಿಹಳ್ಳಿ ತಿರುಗುವವರು. ರಸ್ತೆ ಅವರಿಗೆ ಅಂಗಳವಿದ್ದ ಹಾಗೆ. ಪಂಕ್ತಿಯಲ್ಲಿ ಅಕ್ಕಪಕ್ಕದವರಿಗೆಲ್ಲ, “ಇಕಿ ನಮ್ಮ ತಂಗಿ ಮಗಳು, ವಿಮಾನಾ ಹೊಡೀತಾಳ್ರಿ” ಎಂದು ಹೇಳಿದ್ದೇ ಹೇಳಿದ್ದು. ಹೋಳಿಗೆಗೆ ತುಪ್ಪವನ್ನೂ ಅಷ್ಟೇ ಧಾರಾಳವಾಗಿ ಹಾಕಿಸಿಕೊಂಡರು.

ವಾಪಸು ಬರುವಾಗ ನಾನು ಮುಂದೆ ಕುಳಿತಿದ್ದೆ, ಅವ್ವ ಹಿಂದೆ. ಮಟಮಟ ಮಧ್ಯಾಹ್ನ. ಹೆದ್ದಾರಿಗೆ ಬಂದು ಸ್ವಲ್ಪ ದೂರ ಹೋಗಿರಬೇಕು, ಮಾಮಾನ ಮಾತು ನಿಂತಿತು. ತಿರುಗಿ ನೋಡಿದೆ. ರೆಪ್ಪೆಗಳು ಮೆಲ್ಲಗೆ ಇಳಿದು, ಮೆಲ್ಲಗೆ ಏರುತ್ತಿದ್ದವು.

“ಮಾಮಾ, ಎಲ್ಲೆರ ಚಾ ಕುಡಿಯೋಣೇನ್ರಿ?” ಎಂದೆ.

“ಈಗರ ಉಂಡೀವಿ. ಮನಿಗೆ ಹೋಗಿ ಕುಡಿಯೋಣಂತ.”

ಮೋಟೆಬೆನ್ನೂರು ಹತ್ತಿರ ಬಂತು. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡ ಲಾರಿಗಳು ಹೆದ್ದಾರಿಗೆ ಕೂಡುವ ಜಾಗ ಅದು. ಹಿಂದೆ ಅವ್ವ ಜೋರಾಗಿ ಕೆಮ್ಮತೊಡಗಿದಳು. ಘಾಟಿಗೆ ಇರಬೇಕೆಂದುಕೊಂಡೆ. ನೆವ ಸಿಕ್ಕಂತಾಯಿತು.

“ಅವ್ವಗ ಕೆಮ್ಮು ಬರಾಕತ್ತೇತಿ. ಒಂದೀಟು ನಿಂದ್ರೂಣೇನ್ರಿ?”

“ಗಾಜು ಏರಸು, ಹೋಕ್ಕೈತಿ” ಎಂದರು ಮಾಮಾ. ದನಿ ಎಲ್ಲಿಂದಲೋ ಬಂದಂತಿತ್ತು.

ಎದುರಿಗೆ, ರಸ್ತೆಯ ಎಡ ಅಂಚಿನಲ್ಲಿ ಒಂದು ಲಾರಿ ನಿಂತಿತ್ತು, ಹಿಂಭಾಗ ರಸ್ತೆಗೆ ಚಾಚಿಕೊಂಡು. ಕಾರು ಅದರತ್ತಲೇ ಮೆಲ್ಲಗೆ ವಾಲುತ್ತಿತ್ತು. ಎಲ್ಲವೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೇಳಬೇಕಾದ ಮಾತೂ ಗೊತ್ತಿತ್ತು. ಬಾಯಿಂದ ಬಂದದ್ದು ಮಾತ್ರ, “ಮಾಮಾ, ಆ ಲಾರಿಯಂವ ಎಷ್ಟ ಚೀಲ ಹೇರ್ಯಾನ ನೋಡ್ರಿ.”

ಹಿಂದಿನ ಬಸ್ಸಿನವನು ಒತ್ತಿ ಹಿಡಿದು ಹಾರ್ನ್ ಹೊಡೆದ. ಮಾಮಾ ಬೆಚ್ಚಿ ಸ್ಟಿಯರಿಂಗ್ ಎಳೆದರು. ನನ್ನ ಕಡೆಯ ಕನ್ನಡಿ ಲಾರಿಗೆ ಬಡಿದು ಚೂರಾಯಿತು. ಅಷ್ಟಕ್ಕೇ ಪಾರಾದೆವು.

ಮುಂದೆ ಕಾರು ನಿಲ್ಲಿಸಿ, ಮುಖಕ್ಕೆ ನೀರು ಚಿಮುಕಿಸಿಕೊಂಡು ಮಾಮಾ ನಕ್ಕರು. “ಒಂದೀಟು ಜೋಂಪು ಹತ್ತಿತ್ತು ನೋಡು. ಕನ್ನಡಿ ಹೋತು, ಹೋಗ್ಲಿ ಬಿಡು.” ಮತ್ತೆ ಅವರೇ ಕೂತು ಕಾರು ನಡೆಸಿದರು. ಕೀಲಿ ಕೊಡಿ ಎನ್ನಲು ಆಗಲೂ ನನಗೆ ನಾಲಿಗೆ ಏಳಲಿಲ್ಲ. ರಾಣೆಬೆನ್ನೂರು ಮುಟ್ಟುವವರೆಗೂ ಅವರ ಕಣ್ಣನ್ನೇ ಕದ್ದು ನೋಡುತ್ತ, ಮನೆದೇವರನ್ನು ನೆನೆಯುತ್ತ ಕೂತೆ.

ಸಂಜೆ ಅವ್ವ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ಕೆಮ್ಮು ಕಡಿಮೆಯಾಯಿತೇ ಎಂದು ಕೇಳಿದೆ.

“ನನಗೆಲ್ಲಿ ಕೆಮ್ಮು? ಅಣ್ಣನ ಕಣ್ಣು ಮುಚ್ಚಾಕತ್ತಿದ್ದು ಒಳಗಿನ ಕನ್ನಡ್ಯಾಗ ಕಾಣತಿತ್ತು. ಎಚ್ಚರ ಆಗ್ಲಿ ಅಂತ ಕೆಮ್ಮಿದೆ.”

“ಮತ್ತ ಬಾಯಿಬಿಟ್ಟು ಯಾಕ ಹೇಳಲಿಲ್ಲ ಬೇ?”

“ಹಿರಿಯಣ್ಣಗ ಗಾಡಿ ನಿಂದ್ರಸು ಅಂತ ಹೆಂಗ ಹೇಳ್ಲಿ? ಮುಂದ ನೀ ಕುಂತಿದ್ದಿ. ನೀ ಕಲತಾಕಿ, ಹೇಳ್ತಿ ಅಂತ ಸುಮ್ಮನಿದ್ದೆ.”

ನಾನು ಎದ್ದು ಹಿತ್ತಲಿಗೆ ಹೋದೆ. ಮಾಮಾ ನನ್ನ ಮೇಲೆ ಜೀವ ಇಟ್ಟವರು, ಒಂದು ದಿನ ಗದರಿದವರಲ್ಲ. ಅವರಿಗೇ ಹೇಳಲಾಗದವಳು ಪರಿಚಯವಿಲ್ಲದ ಕ್ಯಾಪ್ಟನ್‌ಗೆ ಹೇಳುತ್ತೇನೆಯೇ? ಮೊಬೈಲ್ ತೆಗೆದು, ಪರೀಕ್ಷೆ ‘ಬೇಕು’ ಎಂದು ಒತ್ತಿದೆ. ಜೊತೆಗೆ ಸೇರಿದವರಿಗೆ ತಿಳಿದರೆ ದ್ರೋಹಿ ಎಂದಾರು. ಪರೀಕ್ಷೆಯಲ್ಲಿ ಬಿದ್ದರೆ ಓಣಿಯಲ್ಲಿ ತಲೆ ಎತ್ತಲಾರೆ. ಆ ಭಯವನ್ನು ಹೇಗೋ ನುಂಗಿಕೊಂಡೇನು. ಆದರೆ ಈಗ ಪ್ರತಿ ಸಲ ವಿಮಾನ ನೆಲ ಬಿಡುವಾಗ ಅವ್ವನ ಮಾತು ನೆನಪಾಗುತ್ತದೆ. ಹಿಂದೆ ಅಷ್ಟು ಜನ, ಮುಂದೆ ಕುಳಿತವಳು ಹೇಳುತ್ತಾಳೆ ಎಂದು ಸುಮ್ಮನೆ ಕುಳಿತಿರುತ್ತಾರೆ.