ಬದುವಿನಡಿಯ ತೊಗಲು

ಶಾಂತಕ್ಕ, ನಿನ್ನ ಕೈ ಕೆಡಿಸಿದವನು ನಾನು. ಕಬ್ಬಿನ ಗರಿಯಲ್ಲ, ನಿನ್ನ ಹಣೆಬರಹವೂ ಅಲ್ಲ — ನೀನು ಬಾಯಿ ತುಂಬ ‘ತಮ್ಮಾ’ ಎಂದು ಕರೆಯುವ ಈ ದಸ್ತಗೀರ. ಇಷ್ಟು ವರ್ಷ ಬಾಯಿ ಬಿಡಲಿಲ್ಲ. ಈಗ ಈ ಚೀಟಿಯಲ್ಲಿ ಎಲ್ಲ ಬರೆಯುತ್ತಿದ್ದೇನೆ.

ನಿನ್ನ ಹೊಲದ ಪಕ್ಕದ ಶೆಡ್ಡಿನಲ್ಲಿ ನಾವಿಬ್ಬರೂ ದುಡಿಯುತ್ತಿದ್ದ ದಿನಗಳು. ಅಥಣಿಯಲ್ಲಿ ಬೇರೆಯವರು ತೊಗಲು ಹದ ಮಾಡಿ ಚಪ್ಪಲಿ ಹೊಲಿದರೆ, ನಮ್ಮಲ್ಲಿ ಹಸಿ ತೊಗಲನ್ನೇ ಸುಣ್ಣದಲ್ಲಿ ನೆನೆಸಿ, ಕೂದಲು ತೆಗೆದು, ಅರೆದು, ಒಳಗಿನ ನಾರನ್ನು ತೆಳು ಹಾಳೆ ಮಾಡುತ್ತಿದ್ದರು. ಸುಟ್ಟ ಗಾಯಕ್ಕೆ ಹಚ್ಚುವ ಹಾಳೆ ಎಂದು ನೀನು ಊರೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದೆ. ಬಂದ ತೊಗಲಿನ ಒಳಮೈ ನೋಡಿ ಆರಿಸುವುದು ನನ್ನ ಕೆಲಸ. ಕೊಯ್ದ ಎಮ್ಮೆಯದಾದರೆ ಒಳಮೈ ಬೆಳ್ಳಗಿರುತ್ತದೆ. ತಾನಾಗಿ ಸತ್ತದ್ದಾದರೆ ರಕ್ತ ನರದಲ್ಲೇ ಉಳಿದು ಕಪ್ಪು ಗೆರೆ ಮೂಡಿರುತ್ತದೆ. ಅಂಥದ್ದನ್ನು ಒಳಗೆ ಬಿಡಬಾರದು.

ಬಿಟ್ಟೆ. ಅದು ನನ್ನದೇ ಎಮ್ಮೆ. ಬೆಳಿಗ್ಗೆ ಹಾಲು ಕೊಟ್ಟದ್ದು ಮಧ್ಯಾಹ್ನ ಮೂಗಿನಲ್ಲಿ ರಕ್ತ ಸುರಿಸಿ ಬಿದ್ದಿತ್ತು. ದನದಿಂದ ಮನುಷ್ಯರಿಗೂ ಹತ್ತುವ ನೆರಡಿ ರೋಗವಿರಬಹುದೇ ಎಂದು ಅನುಮಾನ ಬಂತು — ಅನುಮಾನವೇನು, ಗೊತ್ತೇ ಇತ್ತು. ಆ ರೋಗಕ್ಕೆ ಸತ್ತ ದನವನ್ನು ಸುಲಿಯದೆ, ಸುಣ್ಣ ಹಾಕಿ ಆಳಕ್ಕೆ ಹೂಳಬೇಕೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಆದರೂ... ಹಾಲಂತೂ ಹೋಯಿತು, ತೊಗಲಾದರೂ ದಕ್ಕಲಿ ಎಂಬ ಹಾಳು ಆಸೆ. ಸುಲಿದೆ. ಗೆರೆ ಕಾಣದಂತೆ ಉಪ್ಪು ತಿಕ್ಕಿದೆ. ಆರಿಸುವವನೂ ನಾನೇ ಅಲ್ಲವೇ!

ಅದನ್ನು ತೊಳೆದವಳು ನೀನು. ನಿನ್ನ ಮುಂಗೈ ಮೇಲೆ ಕಬ್ಬಿನ ಗರಿ ಗೀರಿದ ಗಾಯವಿತ್ತು. ಅಲ್ಲೇ ಗುಳ್ಳೆ ಎದ್ದು, ನಡುವೆ ಕಪ್ಪಾಗಿ, ತೋಳು ಬಾತಿತು. “ನೋವ ಇಲ್ಲೋ ತಮ್ಮಾ, ಅದಕ್ಕ ಅಂಜಿಕಿ ಬರಾಕತ್ತೈತಿ,” ಎಂದೆ ನೀನು. ಗಾಡಿಯ ಮೇಲೆ ಕೂರಿಸಿಕೊಂಡು ದವಾಖಾನೆಗೆ ಒಯ್ದೆ.

“ಸತ್ತ ದನಾ ಏನರ ಮುಟ್ಟೀರೇನು?” ಎಂದು ಡಾಕ್ಟರು ಕೇಳಿದರು. ನೀನು ನನ್ನ ಮುಖ ನೋಡಿದೆ.

“ಇಲ್ರೀ ಸಾಹೇಬ್ರ. ಕಬ್ಬಿನ ಗರಿ ಗೀರೈತ್ರಿ, ಅಷ್ಟ,” ಎಂದುಬಿಟ್ಟೆ ನಾನು.

ಆ ಒಂದು ಮಾತು — ಅದರ ಬದಲು ನಿಜ ಹೇಳಿದ್ದರೆ... ರೋಗ ಇಂಥದ್ದೆಂದು ಮಿರಜಿನ ದೊಡ್ಡಾಸ್ಪತ್ರೆಯಲ್ಲಿ ತಿಳಿಯುವಷ್ಟರಲ್ಲಿ ನಿನ್ನ ಕೈಯ ಮಾಂಸ ಸತ್ತಿತ್ತು. ಅದು ಎಲ್ಲಿಂದ ಹತ್ತಿತೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ. ಜೀವ ಉಳಿಯಿತು, ಆದರೆ ಆ ಕೈಯಿಂದ ನೀನು ಮತ್ತೆ ರೊಟ್ಟಿ ಬಡಿಯಲಿಲ್ಲ. “ದಸ್ತಗೀರ ಇರಲಿಲ್ಲಂದ್ರ ನಾ ಮಣ್ಣಾಗ ಹೋಗ್ತಿದ್ದೆ” ಎಂದು ನೀನು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದೆ. ಯಾ ಅಲ್ಲಾ, ಅದನ್ನು ಕೇಳಿಯೂ ನಾನು ಸುಮ್ಮನೆ ಕೂತಿದ್ದೆ.

ನೀನು ಆಸ್ಪತ್ರೆಯಲ್ಲಿದ್ದಾಗ ಆ ತೊಗಲನ್ನು ಸುಣ್ಣದ ಹೊಂಡದಿಂದ ಎಳೆದು ನಿನ್ನ ಹೊಲದ ಬದುವಿನಲ್ಲೇ ಹೂತೆ. ಯಾರಾದರೂ ಕಂಡಾರೆಂಬ ಭಯಕ್ಕೆ ಆಳ ತೋಡಲಿಲ್ಲ. ಅದರ ಜೊತೆ ನೆನೆದ ಉಳಿದ ತೊಗಲು ಹಾಳೆಯಾಗಿ ಹೋಯಿತು — ಯಾರ ಗಾಯದ ಮೇಲೆ ಕೂತಿತೋ, ಏನಾಯಿತೋ. ಯಾರ ಮೈಮೇಲೆ ಪಟ್ಟಿ ಕಂಡರೂ ನಾನು ದಾರಿ ಬದಲಿಸುತ್ತೇನೆ.

ಶೆಡ್ಡು ಮುಚ್ಚಿತು. ಎಲ್ಲ ಮಣ್ಣಾಯಿತು ಎಂದುಕೊಂಡೆ. ಆದರೆ ಆ ರೋಗದ ಬೀಜ ಮಣ್ಣಿನಲ್ಲಿ ಎಷ್ಟೋ ವರ್ಷ ಸಾಯುವುದಿಲ್ಲವಂತೆ. ಮೊನ್ನೆ ನಿನ್ನ ಮಗ ಮಾರುತಿ ಅದೇ ಬದುವಿನ ಮೇಲೆ ಕೊಟ್ಟಿಗೆಯ ಪಾಯಕ್ಕೆ ಗುರುತು ಹಾಕುತ್ತಿದ್ದ. “ಸೋಮವಾರ ಜೆಸಿಬಿ ಬರತೈತಿ ಮಾಮಾ,” ಎಂದ. ನಿನ್ನ ಮೊಮ್ಮಗಳು ಬರಿಗಾಲಲ್ಲಿ ಅಲ್ಲೇ ಮಣ್ಣು ತೋಡುತ್ತ ಆಡುತ್ತಿದ್ದಳು. ಆಗಲೂ ಹೇಳದೆ ಮನೆಗೆ ಬಂದೆ.

ಶಾಂತಕ್ಕ, ಜೆಸಿಬಿ ನಿಲ್ಲಿಸಲು ಮಾರುತಿಗೆ ಹೇಳು. ಕೂಸನ್ನು ಒಳಗೆ ಕರೆದುಕೋ. ನಾನು ದನದ ದವಾಖಾನೆಗೆ ಹೊರಟಿದ್ದೇನೆ. ಡಾಕ್ಟರನ್ನು ಕರೆತಂದು, ಹೂತ ಜಾಗವನ್ನು ಊರವರೆದುರೇ ತೋರಿಸುತ್ತೇನೆ. ಪೊಲೀಸರು ಬಂದರೆ ಬರಲಿ. ಅದಕ್ಕಿಂತ ಹೆಚ್ಚು ಹೆದರಿಕೆ ನಿನ್ನೆದುರು ನಿಲ್ಲಲು. ಆದರೂ ಬರುತ್ತಿದ್ದೇನೆ.