ಐದು ದಿನ ತಡವಾದ ಕಾಗದ

ಟಕ್, ಟಕ್, ಟಕ್. ನಡುವೆ ಒಂದು ನಿಲುಗಡೆ, ಬೆರಳು ಹಾಕಿ ನುಣ್ಣಗಾಯಿತೇ ಎಂದು ಮುಟ್ಟಿ ನೋಡುವಷ್ಟು ಹೊತ್ತು. ಮತ್ತೆ ಟಕ್, ಟಕ್. ಮಧ್ಯಾಹ್ನ ಊಟವಾಗಿ ಸಾಗರದ ನಮ್ಮ ಮನೆಯೆಲ್ಲ ಅಡ್ಡಾದ ಮೇಲೆ ಕೇಳುತ್ತಿದ್ದ ಸದ್ದು ಅದು. ಹಲ್ಲಿಲ್ಲದ ಅಜ್ಜಿ ಹಿತ್ತಾಳೆಯ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದರು. ದಸರಾ ರಜೆಗೆ ಕಾನ್ವೆಂಟಿನ ಬೋರ್ಡಿಂಗ್‌ನಿಂದ ಬಂದ ನಾನು ಅದೇ ಕೋಣೆಯ ಮಂಚದ ಮೇಲೆ ಇಂಗ್ಲಿಷ್ ನಾವೆಲ್ ಹಿಡಿದು ಬಿದ್ದುಕೊಂಡು, ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದೆ. ‘ಡಿಸ್ಗಸ್ಟಿಂಗ್’ ಎಂಬ ಪದವನ್ನು ಆ ವರ್ಷವಷ್ಟೇ ಕಲಿತಿದ್ದೆ. ಕುಟ್ಟಾಣಿಗೂ ಅದೇ, ಪೀಕದಾನಿಗೂ ಅದೇ.

“ಎಂತ ಓದ್ತೀಯೇ ಅಷ್ಟೊತ್ತು?” ಎಂದು ಅಜ್ಜಿ ಕೇಳುತ್ತಿದ್ದರು. “ಆ ದೊರೆಸಾನಿಗೆ ಇನ್ನೂ ಮದುವೆ ಆಗಿಲ್ವಾ?”

ಅಜ್ಜಿ ಎಂದರೆ ಅಪ್ಪನ ಸೋದರತ್ತೆ. ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿ ಸತ್ತ ಮೂವರು ಹುಡುಗರನ್ನು ಸಾಕಿದವರು. ಆ ಮೂವರು ದೊಡ್ಡವರಾಗಿ ದೊಡ್ಡಪ್ಪ ಹೊಸನಗರದಲ್ಲಿ, ಚಿಕ್ಕಪ್ಪ ತೀರ್ಥಹಳ್ಳಿಯಲ್ಲಿ, ನನ್ನಪ್ಪ ಬಟ್ಟೆ ಅಂಗಡಿ ಇಟ್ಟು ಸಾಗರದಲ್ಲಿ ನೆಲೆಯಾದರು. ಅಜ್ಜಿಗೆ ಕೈಕಾಲು ಸೋತಾಗ ಮೂವರೂ ಕೂತು ಸರದಿ ಮಾಡಿಕೊಂಡರು: ಒಂದೊಂದು ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು. ಸರದಿ ಮುಗಿದ ದಿನ ಒಂದು ಟ್ರಂಕು, ಒಂದು ಕಂಬಳಿ, ಕುಟ್ಟಾಣಿಯ ಜೊತೆ ಅಜ್ಜಿಯನ್ನು ಬಸ್ಸು ಹತ್ತಿಸುತ್ತಿದ್ದರು. ಯಾರೂ ಒಂದು ದಿನ ಆಚೀಚೆ ಮಾಡಿದವರಲ್ಲ. ಅಜ್ಜಿಗೆ ಏನು ಕಮ್ಮಿ ಎಂದು ಊರವರೂ ಹೊಗಳುತ್ತಿದ್ದರು. ಬಾಯಿಬಿಟ್ಟು ಆಡದ ನಿಯಮ ಇನ್ನೊಂದಿತ್ತು. ಒಬ್ಬರ ಸರದಿಯಲ್ಲಿ ಇನ್ನೊಬ್ಬರು ತಲೆ ಹಾಕಬಾರದು. ಹಾಕಿದರೆ, ನೀನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂದ ಹಾಗೆ.

ಅಜ್ಜಿಗೆ ಕಮ್ಮಿಯಾದದ್ದು ಕಣ್ಣು. ಎರಡಕ್ಕೂ ಪೊರೆ ಬಂದಿತ್ತು. ಬೆಳಕು ಯಾವುದು ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತಿತ್ತು. ಹೊಸ್ತಿಲು, ಕಂಬ, ಮೆಟ್ಟಿಲು ಎಲ್ಲವನ್ನೂ ಕಾಲಲ್ಲೇ ಕಲಿಯಬೇಕು. ಹಾಸಿಗೆಯಿಂದ ಬಚ್ಚಲಿಗೆ ದಾರಿ ರೂಢಿಯಾಗುವ ಹೊತ್ತಿಗೆ ನಾಲ್ಕು ತಿಂಗಳು ಮುಗಿದು ಹೊಸ ಮನೆ. ಅಲ್ಲಿಯವರೆಗೆ ಪ್ರತಿ ಸಲವೂ ಯಾರನ್ನಾದರೂ ಕರೆಯಬೇಕು. ನಾಲ್ಕು ಸಲ ಕರೆದರೆ ಒಂದು ಸಲ ನಾನು ಏಳುತ್ತಿದ್ದೆ.

ಆ ದಸರೆಯಲ್ಲೇ ಸುದ್ದಿ ಬಂತು. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಸಾಗರದ ಸ್ಕೂಲೊಂದರಲ್ಲಿ ಕಣ್ಣಿನ ಕ್ಯಾಂಪ್, ದೊಡ್ಡ ಊರಿನ ಡಾಕ್ಟರುಗಳು ಬಂದು ಪುಕ್ಕಟೆ ಆಪರೇಷನ್ ಮಾಡುತ್ತಾರೆ. ಮೊದಲ ದಿನ ಪರೀಕ್ಷೆ, ಮರುದಿನ ಆಪರೇಷನ್. ಆಮೇಲೆ ಎಂಟು ದಿನ ಕಣ್ಣಿಗೆ ಬ್ಯಾಂಡೇಜ್ ಕಟ್ಟಿಕೊಂಡು ತಲೆ ಅಲ್ಲಾಡಿಸದೆ ಚಾಪೆಯ ಮೇಲೆ ಮಲಗಿರಬೇಕು. ಉಣಿಸಲು, ಬೆಡ್‌ಪ್ಯಾನ್ ಇಡಲು ಮನೆಯಿಂದ ಒಬ್ಬರು ಜೊತೆಗಿರಲೇಬೇಕು. ಒಬ್ಬರೇ ಬಂದವರನ್ನು ಸೇರಿಸಿಕೊಳ್ಳುವುದಿಲ್ಲ.

ಅಮ್ಮ ಬಸುರಿ. ಅಜ್ಜಿ ನನ್ನನ್ನೇ ಕೇಳಿದರು. “ನನಗೆ ಬೇರೆ ಎಂತ ಬೇಡ ಮಾರಾಯ್ತಿ. ಬಚ್ಚಲಿಗೆ ಒಬ್ಳೇ ಹೋಗಿ ಬರುವಷ್ಟು ಕಂಡ್ರೆ ಸಾಕು. ನೀ ಕೂರ್ತೀಯಾ ನನ್ನ ಜೊತೆ?”

“ಪ್ರಾಮಿಸ್, ಅಜ್ಜಿ” ಎಂದೆ. ಪ್ರಾಮಿಸ್ ಎಂದರೇನು ಎಂದು ಕೇಳಿದರು. ಆಣೆ ಇದ್ದ ಹಾಗೆ ಎಂದೆ.

ಡಿಸೆಂಬರ್‌ನಲ್ಲಿ ಹೊಸನಗರದ ಸರದಿ ಶುರುವಾಗಿ ಅಜ್ಜಿ ಹೋದರು. ನಾನು ಮತ್ತೆ ರಜೆಗೆ ಬಂದಾಗ ಕೋಣೆ ಪೂರ್ತಿ ನನ್ನದೇ. ಅಷ್ಟರಲ್ಲಿ ಬೋರ್ಡಿಂಗ್‌ನ ಫ್ರೆಂಡ್ ಒಬ್ಬಳು, ಕಾಫಿ ಎಸ್ಟೇಟಿನವರ ಮಗಳು, ಜೋಗ ನೋಡಲು ನಮ್ಮ ಮನೆಗೆ ಬರುತ್ತೇನೆಂದು ಬರೆದಿದ್ದಳು. ಬರುವುದು ಕ್ಯಾಂಪ್ ಶುರುವಾಗುವ ದಿನವೇ.

ಮನೆಯ ಕಾಗದ ಬರೆಯುವುದು ರಜೆಯಲ್ಲಿ ನನ್ನ ಕೆಲಸ. ನನ್ನ ಹ್ಯಾಂಡ್‌ರೈಟಿಂಗ್ ಮೇಲೆ ಅಪ್ಪನಿಗೆ ಬಹಳ ಹೆಮ್ಮೆ. ಕ್ಯಾಂಪಿಗೆ ಆರು ದಿನವಿರುವಾಗ, ಅಜ್ಜಿಯನ್ನು ಬಸ್ಸಿಗೆ ಹತ್ತಿಸಿ, ಮಗಳು ಜೊತೆಗಿರುತ್ತಾಳೆ ಎಂದು ದೊಡ್ಡಪ್ಪನಿಗೆ ಬರೆಸಿದರು. ಬರೆದೆ. ಒಂದಕ್ಷರ ಬಿಡದೆ, ತಪ್ಪಿಲ್ಲದೆ ಬರೆದೆ. ಅಪ್ಪ ಸಹಿ ಹಾಕಿ, ಪೋಸ್ಟಿಗೆ ಹಾಕಿ ಬಾ ಎಂದರು. ನಾನು ಅದನ್ನು ನಾವೆಲ್ಲಿನ ಪುಟಗಳ ನಡುವೆ ಇಟ್ಟೆ.

ನಾಳೆ ಹಾಕಿದರಾಯಿತು ಎಂದುಕೊಂಡೆ. ಆ ನಾಳೆ ಐದು ಸಲ ಬಂತು. ಹೊಸನಗರಕ್ಕೆ ಕಾಗದ ತಲುಪಲು ಎರಡು ದಿನ ಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಐದನೆಯ ದಿನ ಹೋಗಿ ಡಬ್ಬಿಗೆ ಹಾಕಿದೆ. ಹಾಕಿದ್ದೇನಲ್ಲ, ಇನ್ನೇನು? ಕೇಳಿದರೆ ಹಾಗೆ ಹೇಳಲು ತಯಾರಾಗಿದ್ದೆ. ಯಾರೂ ಕೇಳಲಿಲ್ಲ.

ಕ್ಯಾಂಪಿನ ದಿನ ಬೆಳಿಗ್ಗೆ ಅಪ್ಪ ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬಂದರು. “ಅಣ್ಣನಿಗೆ ಮನಸ್ಸಿಲ್ಲ ಕಾಣ್ತದೆ” ಎಂದರು ಅಮ್ಮನ ಹತ್ತಿರ. “ಅವನ ಸರದಿ. ನಾವು ಎರಡನೇ ಸಲ ಹೇಳಿದ್ರೆ ಚೆನ್ನಾಗಿರಲ್ಲ.” ಅತ್ತ ಕ್ಯಾಂಪಿನ ಪರೀಕ್ಷೆ ಮುಗಿದ ಮೇಲೆ ಕಾಗದ ಕಂಡ ದೊಡ್ಡಪ್ಪ, ಕಾಟಾಚಾರಕ್ಕೆ ಕರೆದಿದ್ದಾನೆ ಎಂದು ಬೇಸರಪಟ್ಟರಂತೆ. ಅವರೂ ಕೇಳಲಿಲ್ಲ. ಅಣ್ಣತಮ್ಮಂದಿರು ಸಾಯುವವರೆಗೂ ಆ ವಿಷಯ ಎತ್ತಲಿಲ್ಲ. ಒಂದು ಮಾತು ಎತ್ತಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ.

ನಾವು ಜೋಗಕ್ಕೆ ಹೋದೆವು. ಚಳಿಗಾಲ, ನೀರು ಕಮ್ಮಿಯಿತ್ತು. ಇಷ್ಟೇನಾ ಎಂದಳು ಫ್ರೆಂಡ್.

ಮಾಡಿದ್ದಷ್ಟೇ ಅಲ್ಲ, ಮಾಡದೆ ಬಿಟ್ಟದ್ದೂ ಸಿನ್ ಎಂದು ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಅದನ್ನು ಚೆನ್ನಾಗಿಯೇ ಬರೆದಿದ್ದೆ. ಈಗ ನನಗೂ ವಯಸ್ಸಾಗಿದೆ; ಹೋದ ವರ್ಷ ಮನೆಯವರು ನನ್ನ ಕಣ್ಣಿನ ಪೊರೆ ತೆಗೆಸಿದರು. ಅರ್ಧ ಗಂಟೆ ಹಿಡಿಯಿತು, ಸಂಜೆಗೆ ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದು ಕಾಫಿ ಕುಡಿದೆ. ರಾತ್ರಿ ಸೊಸೆ ಕೈಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋಗಲು ಬಂದಾಗ ಮಾತ್ರ, ಬೇಡ ಎಂದುಬಿಟ್ಟೆ.

ಅಜ್ಜಿಯನ್ನು ಕಡೆಯ ಸಲ ನೋಡಿದ್ದು ಆ ಕ್ಯಾಂಪಿನ ಮುಂದಿನ ಬೇಸಿಗೆಯಲ್ಲಿ, ತೀರ್ಥಹಳ್ಳಿಯಲ್ಲಿ. ಆಗಸ್ಟ್‌ನಲ್ಲಿ ನಮ್ಮ ಸರದಿ ಬರುವ ಮೊದಲೇ ಅವರು ತೀರಿಕೊಂಡರು. ನಾನು ನೋಡುವ ಹೊತ್ತಿಗೆ ಬೆಳಕು ನೆರಳಿನ ಗುರುತೂ ಹೋಗಿತ್ತು. ಚಿಕ್ಕಮ್ಮ ಒಂದು ಉಪಾಯ ಮಾಡಿದ್ದರು. ಮಂಚದ ಕಾಲಿನಿಂದ ಪಡಸಾಲೆಯ ಕಂಬದವರೆಗೆ, ಅಲ್ಲಿಂದ ತಿರುಗಿಸಿ ಬಚ್ಚಲ ಬಾಗಿಲವರೆಗೆ ತೆಂಗಿನ ನಾರಿನ ಹಗ್ಗ ಕಟ್ಟಿದ್ದರು. ಅದನ್ನು ಹಿಡಿದು ಅಜ್ಜಿ ಒಬ್ಬರೇ ಹೋಗಿ ಬರುತ್ತಿದ್ದರು. ಮೂರು ಮನೆಗಳಲ್ಲಿ ಇದು ಹೊಳೆದದ್ದು ಚಿಕ್ಕಮ್ಮ ಒಬ್ಬರಿಗೇ.

ನಾನು ಕುಟ್ಟಾಣಿ ತೆಗೆದುಕೊಂಡು ಎಲೆ ಅಡಿಕೆ ಕುಟ್ಟಿಕೊಟ್ಟೆ. ಮೊದಲ ಸಲ. ಅಜ್ಜಿ ಬಾಯಿಗೆ ಹಾಕಿಕೊಂಡು, ಸುಣ್ಣ ಹೆಚ್ಚಾಯ್ತು ಎಂದು ನಕ್ಕರು. ಆಮೇಲೆ ನನ್ನ ಮೊಣಕೈ ಹುಡುಕಿ ಹಿಡಿದುಕೊಂಡರು.

“ಕ್ಯಾಂಪಿಗೆ ನಾ ಬರ್ಲಿಲ್ಲ ಅಂತ ಬೇಜಾರು ಮಾಡ್ಕಂಡ್ಯಾ? ನೀ ಆಣೆ ಹಾಕಿ ಕಾಯ್ತಾ ಕೂತಿದ್ದೆ, ನಂಗೊತ್ತು. ಕಾಗದ ತಡ ಆಯ್ತಂತೆ ಕಣೇ. ನಿನ್ನ ರಜೆ ಹಾಳು ಮಾಡಿದೆ ನಾನು.”

“ಇಲ್ಲ ಅಜ್ಜಿ” ಎಂದೆ. ಇನ್ನೊಂದು ಮಾತು ಗಂಟಲಿಗೆ ಬಂದಿತ್ತು. ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು ಎಂದು ಚಿಕ್ಕಪ್ಪ ಹೊರಗಿನಿಂದ ಕರೆದರು. ಕರೆದದ್ದೇ ಒಳ್ಳೆಯದಾಯಿತು ಎನ್ನಿಸಿತು ನನಗೆ.

ಅಂಗಳಕ್ಕಿಳಿದು ಚಪ್ಪಲಿ ಹಾಕಿಕೊಂಡು ತಿರುಗಿ ನೋಡಿದೆ. ನನ್ನನ್ನು ಕಳಿಸಿಕೊಡಲು ಅಜ್ಜಿ ಎದ್ದು, ಹಗ್ಗ ಹಿಡಿದು ಪಡಸಾಲೆಯ ಕಂಬದವರೆಗೆ ಬಂದಿದ್ದರು. ಅಲ್ಲಿಂದ ಹಗ್ಗ ಬಚ್ಚಲ ಕಡೆಗೆ ತಿರುಗುತ್ತಿತ್ತು, ಬಾಗಿಲ ಕಡೆಗಲ್ಲ. ಒಂದು ಕೈ ಹಗ್ಗದ ಮೇಲಿಟ್ಟು, ಇನ್ನೊಂದನ್ನು ಮುಂದಕ್ಕೆ ಚಾಚಿ, ನಾನಿರುವ ಕಡೆ ಯಾವುದೆಂದು ಗಾಳಿಯಲ್ಲಿ ತಡವುತ್ತ ನಿಂತಿದ್ದರು.